ಸಿಟ್ಟು ನುಂಗಬೇಕೋ, ಉಗುಳಬೇಕೋ?

ಸಿಟ್ಟಿನ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪತ್ರಗಳಲ್ಲಿ ಕೆಲವು ಸಿಟ್ಟಿನಲ್ಲೇ ಬರೆದಂತಿದ್ದವು, ಪರವಾಗಿಲ್ಲ. ಎಲ್ಲದಕ್ಕೂ ಉತ್ತರಿಸುವಷ್ಟು ಜಾಗ ಇಲ್ಲ. ಒಂದೇ ಥರದವನ್ನು ಬಿಟ್ಟು ಆರನ್ನು ಆರಿಸಿಕೊಂಡಿದ್ದೇನೆ. ಹೆಸರು ಹಾಕಿಲ್ಲ.

ಪ್ರಶ್ನೆ: ವಯಸ್ಸು 46. ಹಾರ್ಡ್‌ವೇರ್ ಅಂಗಡಿ ಇದೆ. ಬಾಕಿ ಕೇಳಲು ಹೋದರೆ ದಿನಾ ಒಬ್ಬರಲ್ಲ ಒಬ್ಬರ ಜೊತೆ ಜಗಳ. ಈಗ ಬಿಪಿ 150/94 ಬಂದಿದೆ, ಮಾತ್ರೆ ಬರೆದುಕೊಟ್ಟಿದ್ದಾರೆ. 'ಎಲ್ಲಾ ನಿಮ್ಮ ಸಿಟ್ಟಿನಿಂದಲೇ ಬಂದಿದ್ದು, ಸಿಟ್ಟು ಬಿಟ್ಟರೆ ಮಾತ್ರೆ ಯಾಕೆ' ಅಂತಾಳೆ ಹೆಂಡತಿ. ನಿಜವಾ ಡಾಕ್ಟ್ರೇ? – ದಾವಣಗೆರೆ

ಉತ್ತರ: ಅರ್ಧ ನಿಜ. ಆ ಅರ್ಧವನ್ನು ನಂಬಿ ಮಾತ್ರೆ ಮಾತ್ರ ಬಿಡಬೇಡಿ.

ಸಿಟ್ಟು ಬಂದ ಕೂಡಲೇ ಅಡ್ರಿನಲಿನ್ ಎಂಬ ಹಾರ್ಮೋನ್ ರಕ್ತಕ್ಕೆ ಇಳಿಯುತ್ತದೆ. ಎದೆಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಲಿವರ್ ಕೂಡಿಟ್ಟಿದ್ದ ಸಕ್ಕರೆಯನ್ನು ಹೊರಗೆ ಬಿಡುತ್ತದೆ, ರಕ್ತ ಹೆಪ್ಪುಗಟ್ಟುವ ಗುಣವೂ ಸ್ವಲ್ಪ ಹೆಚ್ಚುತ್ತದೆ. ಹೊಡೆದಾಟಕ್ಕೋ ಓಡಿಹೋಗುವುದಕ್ಕೋ ಮೈ ತಯಾರಾಗುವ ರೀತಿ ಇದು. ನೀವಾದರೋ ಗಲ್ಲಾದ ಹಿಂದೆ ಕೂತಲ್ಲೇ ಕೂತಿರುತ್ತೀರಿ. ಬಿಪಿ ಆಗ ಏರುತ್ತದೆ, ಆಮೇಲೆ ಇಳಿಯುತ್ತದೆ. ಇಳಿಯದೆ ದಿನವಿಡೀ ಮೇಲೇ ಇರುವ ಬಿಪಿಗೆ ವಂಶ, ವಯಸ್ಸು, ತೂಕ, ಉಪ್ಪು ಹೀಗೆ ಬೇರೆ ಕಾರಣಗಳೂ ಇರುತ್ತವೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಉಪ್ಪು ಸಾಕು. ನಿಮ್ಮೂರಿನ ಮಂಡಕ್ಕಿ-ಮಿರ್ಚಿ, ಮನೆಯ ಉಪ್ಪಿನಕಾಯಿ, ಹಪ್ಪಳ ಎಲ್ಲಾ ಸೇರಿ ಅಷ್ಟು!

ಹಾಗಂತ ಸಿಟ್ಟು ಸಾಧು ಪ್ರಾಣಿ ಅಲ್ಲ. 2024ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು 280 ಜನ ಆರೋಗ್ಯವಂತರ ಮೇಲೆ ಒಂದು ಪರೀಕ್ಷೆ ಮಾಡಿದರು. ಅವರಲ್ಲಿ ಕೆಲವರಿಗೆ ಹಿಂದೆ ಸಿಟ್ಟು ತರಿಸಿದ ಒಂದು ಘಟನೆಯನ್ನು 8 ನಿಮಿಷ ನೆನೆಸಿಕೊಳ್ಳಲು ಹೇಳಿದರು. ಅಷ್ಟೇ. ಬೈದಿಲ್ಲ, ಕೂಗಿಲ್ಲ. ಆದರೂ ಅವರ ರಕ್ತನಾಳಗಳು ಸರಿಯಾಗಿ ಹಿಗ್ಗುವ ಶಕ್ತಿ 40 ನಿಮಿಷದವರೆಗೂ ಕುಗ್ಗಿತ್ತು. ನೀವು ರಾತ್ರಿ ಹಾಸಿಗೆ ಮೇಲೆ ಬಿದ್ದುಕೊಂಡು 'ಆ ಮನುಷ್ಯ ನನ್ನ ದುಡ್ಡು ಇಟ್ಟುಕೊಂಡು ಮಗಳ ಮದುವೆ ಮಾಡಿದ' ಅಂತ ಮೆಲುಕು ಹಾಕುತ್ತೀರಲ್ಲ, ಅದರ ಲೆಕ್ಕ ಇದು. ಬೆಳಗಿನ ಜಗಳಕ್ಕಿಂತ ನನಗೆ ಜಾಸ್ತಿ ಚಿಂತೆ ಈ ರಾತ್ರಿಯದ್ದೇ.

ಇನ್ನೊಂದು ಮಾತು. ಜೋರು ಸಿಟ್ಟು ಬಂದ ಮುಂದಿನ ಎರಡು ಗಂಟೆಯಲ್ಲಿ ಹೃದಯಾಘಾತ ಆಗುವ ಸಾಧ್ಯತೆ ಸುಮಾರು ಐದು ಪಟ್ಟು ಹೆಚ್ಚುತ್ತದೆ ಎಂದು ಹಾರ್ವರ್ಡ್‌ನವರು 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಹೇಳಿದ್ದಾರೆ. ಗಾಬರಿ ಬೇಡ. ಬಿಪಿ, ಶುಗರ್, ಬೀಡಿ-ಸಿಗರೇಟು ಏನೂ ಇಲ್ಲದ ಹುಡುಗ ಅಪರೂಪಕ್ಕೊಮ್ಮೆ ರೇಗಿದರೆ ಅಪಾಯ ತೀರಾ ಸಣ್ಣದು, ಅದರ ಐದು ಪಟ್ಟೂ ಸಣ್ಣದೇ. ಬಿಪಿ ಇದ್ದೂ ದಿನಾ ಎರಡು ಸಲ ರೇಗುವವರಿಗೆ ಅದು ಸಣ್ಣದಲ್ಲ. ಜಗಳ ಆದಮೇಲೆ ಎದೆ ಹಿಂಡಿದ ಹಾಗೆ ಆಗಿ, ನೋವು ಎಡತೋಳಿಗೋ ದವಡೆಗೋ ಹರಿದು, ತಣ್ಣನೆ ಬೆವರು ಬಂದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ. 108ಕ್ಕೆ ಫೋನ್ ಮಾಡಿ.

ಬಿಪಿಯನ್ನು ಜಗಳ ಮುಗಿಸಿ ಬಂದು ನೋಡಿಸಬೇಡಿ. ಐದು ನಿಮಿಷ ಬೆನ್ನು ಆನಿಸಿ ಸುಮ್ನೆ ಕೂತು, ಮಾತಾಡದೆ ನೋಡಿಸಿ. ಬಾಕಿ ವಸೂಲಿಗೆ ನಿಮ್ಮ ಬದಲು ಬೇರೆ ಯಾರಾದರೂ ಹೋಗುವ ಹಾಗಿದ್ದರೆ ಕಳಿಸಿ, ಅದೂ ಚಿಕಿತ್ಸೆಯೇ.

ಪ್ರಶ್ನೆ: ನನಗೆ 29, ಸಾಫ್ಟ್‌ವೇರ್ ಕೆಲಸ. ಸಿಟ್ಟು ಒಳಗಿಟ್ಟುಕೊಂಡರೆ ಕುಕ್ಕರ್ ಥರ ಒಂದು ದಿನ ಸಿಡಿಯುತ್ತದೆ, ಹೊರಗೆ ಹಾಕಬೇಕು ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೇ ದಿಂಬಿಗೆ ಗುದ್ದುತ್ತೇನೆ, ಜಿಮ್‌ನಲ್ಲಿ ಪಂಚಿಂಗ್ ಬ್ಯಾಗ್ ಹೊಡೆಯುತ್ತೇನೆ. ದುಡ್ಡು ಕೊಟ್ಟು ಬಾಟಲಿ ಒಡೆಯುವ ರೇಜ್ ರೂಮ್‌ಗೂ ಹೋಗಿಬಂದೆ. ಆ ಕ್ಷಣ ಹಾಯೆನಿಸುತ್ತದೆ, ಮಾರನೇ ದಿನ ಮತ್ತೆ ಅದೇ. ಏನು ತಪ್ಪಾಗುತ್ತಿದೆ? – ಬೆಂಗಳೂರು

ಉತ್ತರ: ತಪ್ಪು ಆ ಕುಕ್ಕರ್ ಲೆಕ್ಕದಲ್ಲೇ ಇದೆ. ಮನುಷ್ಯನೊಳಗೆ ಸಿಟ್ಟು ಹಬೆಯ ಹಾಗೆ ತುಂಬಿಕೊಂಡು ಕೂರುವುದಿಲ್ಲ, ಹೊರಗೆ ಬಿಟ್ಟರೆ ಖಾಲಿಯೂ ಆಗುವುದಿಲ್ಲ. ಗುದ್ದಿದಷ್ಟೂ ಗುದ್ದುವ ಅಭ್ಯಾಸ ಗಟ್ಟಿಯಾಗುತ್ತದೆ.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಬ್ರಾಡ್ ಬುಶ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 2002ರಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ ಬೇಕಂತಲೇ ಸಿಟ್ಟು ಬರಿಸಿ, ಕೆಲವರಿಗೆ ಸಿಟ್ಟು ತರಿಸಿದವನನ್ನೇ ನೆನೆಸಿಕೊಂಡು ಪಂಚಿಂಗ್ ಬ್ಯಾಗ್ ಹೊಡೆಯಲು ಹೇಳಿದರು, ಕೆಲವರನ್ನು ಸುಮ್ಮನೆ ಕೂರಿಸಿದರು. ಸುಮ್ಮನೆ ಕೂತವರಿಗಿಂತ ಹೊಡೆದವರ ಸಿಟ್ಟೇ ಜಾಸ್ತಿ ಇತ್ತು. ಅವರೇ 2024ರಲ್ಲಿ ಸಹೋದ್ಯೋಗಿಯ ಜೊತೆ ಸೇರಿ 154 ಅಧ್ಯಯನಗಳನ್ನು ಜಾಲಾಡಿದರು. ಮೈಯನ್ನು ತಣ್ಣಗೆ ಮಾಡುವ ಉಸಿರಾಟ, ಧ್ಯಾನ, ಯೋಗ, ಸ್ನಾಯು ಸಡಿಲಿಸುವುದು, ಇವೆಲ್ಲ ಸಿಟ್ಟನ್ನು ಇಳಿಸಿದವು. ಮೈ ಬಿಸಿ ಮಾಡುವಂಥವು ಒಟ್ಟಾರೆ ಇಳಿಸಲಿಲ್ಲ, ಜಾಗಿಂಗ್ ಅಂತೂ ಏರಿಸಿತ್ತು. ನೀವು ಓಡುತ್ತಿದ್ದರೆ ಬಿಡಬೇಡಿ, ಹೃದಯಕ್ಕೆ ಒಳ್ಳೆಯದು. ಸಿಟ್ಟಿಗೆ ಮದ್ದು ಅಂತ ಓಡಬೇಡಿ, ಅಷ್ಟೇ.

ಹಾಗಾದರೆ ಮಾಡುವುದೇನು? ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ನಿಮಿಷಕ್ಕೆ ಆರೇ ಉಸಿರು ಆಗುತ್ತದೆ. ಐದು ನಿಮಿಷ ಮಾಡಿ. ಉಸಿರು ಬಿಡುವಾಗ ಎದೆಬಡಿತ ತಾನಾಗಿ ನಿಧಾನವಾಗುತ್ತದೆ, ಅದಕ್ಕೇ ಬಿಡುವ ಹೊತ್ತು ಉದ್ದ ಇರಬೇಕು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕ್ಯಾಬ್ ಒಳಗೆ ಕೂತೂ ಮಾಡಬಹುದು, ಸಮಯಕ್ಕೇನು ಅಲ್ಲಿ ಬರ ಇಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಇನ್ನೊಂದು ಉಪಾಯ ಕಂಡುಕೊಂಡಿದ್ದಾರೆ: ಸಿಟ್ಟನ್ನು ಒಂದು ಹಾಳೆಯಲ್ಲಿ ಬರೆದು ಕಸದ ಬುಟ್ಟಿಗೆ ಎಸೆದವರ ಸಿಟ್ಟು ಚೆನ್ನಾಗಿ ಇಳಿಯಿತಂತೆ, ಹಾಳೆಯನ್ನು ಇಟ್ಟುಕೊಂಡವರದ್ದು ಅಷ್ಟು ಇಳಿಯಲಿಲ್ಲವಂತೆ. ಖರ್ಚಿಲ್ಲದ ಕೆಲಸ, ಮಾಡಿ ನೋಡಿ. ಬರೆದದ್ದನ್ನು ಆಫೀಸ್ ಗ್ರೂಪ್‌ಗೆ ಮಾತ್ರ ಹಾಕಬೇಡಿ.

ಗೆಳತಿಯರಿಗೆ ಹೇಳಿಕೊಳ್ಳುವುದು ಒಳ್ಳೆಯದೇ. ಆದರೆ ಮ್ಯಾನೇಜರ್ ಕಥೆಯನ್ನು ನಾಲ್ಕು ಜನಕ್ಕೆ ನಾಲ್ಕು ಸಲ ಹೇಳಿದರೆ ನಿಮಗೇ ನಾಲ್ಕು ಸಲ ಸಿಟ್ಟು ಬರುತ್ತದೆ. 'ಸರಿ, ಈಗೇನು ಮಾಡ್ತೀಯ' ಅಂತ ಕೇಳುವವಳು ಒಬ್ಬಳಿರುತ್ತಾಳಲ್ವಾ, ಅವಳಿಗೆ ಹೇಳಿ.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ, ಶುಗರ್ ಇದೆ. ಶಾಂತ ಸ್ವಭಾವದವರು. ಈಚೆಗೆ ಕೆಲವು ದಿನ ಮಧ್ಯಾಹ್ನ ಊಟಕ್ಕೆ ಮುಂಚೆ ಎಲ್ಲರ ಮೇಲೂ ಹರಿಹಾಯುತ್ತಾರೆ, ಊಟ ಆದಮೇಲೆ ಮತ್ತೆ ಸರಿ. ವಯಸ್ಸಾಯ್ತು ಅಂತ ಬಿಟ್ಟುಬಿಡೋಣವಾ? – ಮಂಡ್ಯ

ಉತ್ತರ: ಬಿಡಬೇಡಿ. ಇದು ಸಿಟ್ಟೇ ಅಲ್ಲದಿರಬಹುದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ಶುಗರ್ ಕುಸಿಯುತ್ತದೆ. ಮೆದುಳಿಗೆ ಸಕ್ಕರೆ ಸಾಲದಾದಾಗ ಮೊದಲು ಕಾಣುವ ಗುರುತುಗಳಲ್ಲಿ ಸಿಡುಕೂ ಒಂದು. ಬೆವರು, ಕೈನಡುಕ ಇದೆಯಾ ನೋಡಿ. ಇನ್ನೊಮ್ಮೆ ಹಾಗೆ ರೇಗಿದಾಗ ವಾದ ಮಾಡುವ ಬದಲು ಗ್ಲೂಕೋಮೀಟರ್ ತನ್ನಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಮಾತ್ರೆಯ ಪ್ರಮಾಣ ಬದಲಿಸಬೇಕೇನೋ, ಅದನ್ನು ನಿಮ್ಮ ಡಾಕ್ಟರ್ ನಿರ್ಧರಿಸಲಿ.

ಶುಗರ್ ಸರಿಯಾಗಿದ್ದರೆ ಕಿವಿ ಕೇಳಿಸುತ್ತಿದೆಯಾ, ಮಂಡಿನೋವು ಇದೆಯಾ, ರಾತ್ರಿ ನಿದ್ದೆ ಬರುತ್ತಿದೆಯಾ ವಿಚಾರಿಸಿ. ಥೈರಾಯ್ಡ್ ಕೂಡ ಒಮ್ಮೆ ನೋಡಿಸಿ. ಶಾಂತವಾಗಿದ್ದ ಹಿರಿಯರು ಹೊಸದಾಗಿ ಸಿಡುಕಲು ಶುರುಮಾಡಿ, ಜೊತೆಗೆ ಮರೆವೂ ಹೆಚ್ಚಿದರೆ ಮೆದುಳಿನ ಡಾಕ್ಟರಿಗೆ ತೋರಿಸಲೇಬೇಕು.

ಪ್ರಶ್ನೆ: ಮದುವೆಯಾಗಿ ಹನ್ನೆರಡು ವರ್ಷ. ನೆಂಟರ ಮುಂದೆ ಅತ್ತೆ ನನ್ನ ಅಡುಗೆ, ನನ್ನ ತವರು ಎಲ್ಲಾ ಹಳಿಯುತ್ತಾರೆ. ತಿರುಗಿ ಮಾತಾಡಿದರೆ ಮನೆ ಒಡೆಯುತ್ತದೆ ಅಂತ ನುಂಗಿಕೊಂಡು ಬಂದೆ. ತಲೆನೋವು ದಿನಾ, ಮೆಡಿಕಲ್ ಶಾಪಿನಿಂದ ಗುಳಿಗೆ ತಂದು ನುಂಗುತ್ತೇನೆ. ಈಗ ಹೊಟ್ಟೆಯಲ್ಲಿ ಹುಣ್ಣಾಗಿದೆ ಅಂದಿದ್ದಾರೆ. ಸಿಟ್ಟು ನುಂಗಿದ್ದಕ್ಕೇ ಹುಣ್ಣಾಯಿತಾ? ಎಲ್ಲಾ ಹೋಗಿ ಮಕ್ಕಳ ಮೇಲೆ ಬರುತ್ತಿದೆ, ಹೊಡೆದೂ ಬಿಡುತ್ತೇನೆ. – ಗದಗ

ಉತ್ತರ: ಮೊದಲು ಹುಣ್ಣಿನ ವಿಷಯ ಮುಗಿಸೋಣ ತಂಗಿ. ಹೊಟ್ಟೆಹುಣ್ಣು ಚಿಂತೆಯಿಂದ, ಸಿಟ್ಟಿನಿಂದ ಬರುತ್ತದೆ ಅಂತ ಡಾಕ್ಟರುಗಳೇ ಬಹಳ ಕಾಲ ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರನ್ ಎಂಬಿಬ್ಬರು ಹೊಟ್ಟೆಯೊಳಗೆ ಬದುಕುವ ಒಂದು ಬ್ಯಾಕ್ಟೀರಿಯಾ ಪತ್ತೆಮಾಡಿದರು, ಅದಕ್ಕೆ 2005ರಲ್ಲಿ ನೊಬೆಲ್ ಬಂತು. ಹೆಚ್ಚಿನ ಹುಣ್ಣುಗಳಿಗೆ ಕಾರಣ ಆ ಎಚ್. ಪೈಲೋರಿ, ಇಲ್ಲವೇ ನೋವಿನ ಗುಳಿಗೆ. ನಿಮ್ಮ ಪತ್ರ ಓದಿದರೆ ನನಗೆ ಗುಳಿಗೆ ಮೇಲೇ ಅನುಮಾನ. ಸಿಟ್ಟು ನುಂಗಿದ್ದಕ್ಕೆ ತಲೆನೋವು, ತಲೆನೋವಿಗೆ ಗುಳಿಗೆ, ಗುಳಿಗೆಯಿಂದ ಹುಣ್ಣು. ಯಾವ ಗುಳಿಗೆ ಎಷ್ಟು ನುಂಗುತ್ತಿದ್ದೀರಿ ಅಂತ ಡಾಕ್ಟರ ಮುಂದೆ ಮುಚ್ಚಿಡದೆ ಹೇಳಿ, ಬ್ಯಾಕ್ಟೀರಿಯಾ ಪರೀಕ್ಷೆಯನ್ನೂ ಕೇಳಿ. ನೋವಿನ ಗುಳಿಗೆ ದಿನಾ ತಗೊಂಡರೆ ಅದರಿಂದಲೇ ತಲೆನೋವು ನಿಲ್ಲದೆ ಮುಂದುವರಿಯುವುದೂ ಉಂಟು.

ಇನ್ನು ಸಿಟ್ಟು. 'ಬಡವನ ಸಿಟ್ಟು ದವಡೆಗೆ ಮೂಲ' ಅನ್ನುವ ಊರು ನಮ್ಮದು. ಶಾಂತವಾಗಿರು ಎಂಬ ಉಪದೇಶ ಮನೆಯಲ್ಲಿ ಸಿಗುವುದು ಸೊಸೆಗೆ, ಅತ್ತೆಗಲ್ಲ. ಆದ್ದರಿಂದ ನಿಮಗೆ ಧ್ಯಾನ ಮಾಡಿ ಅಂತ ಹೇಳಿ ಕಳಿಸಲು ನನಗೆ ಮನಸ್ಸಿಲ್ಲ. ನಿಮ್ಮ ಸಿಟ್ಟಿಗೆ ಕಾರಣ ಇದೆ, ಅದನ್ನು ಹೇಳಬೇಕು. ಆದರೆ ಸಿಟ್ಟು ಇಳಿದ ಮೇಲೆ ಹೇಳಬೇಕು, ನೆಂಟರು ಹೋದ ಮೇಲೆ, ಸಾಧ್ಯವಾದರೆ ಮಾರನೇ ದಿನ. ಹನ್ನೆರಡು ವರ್ಷದ ಪಟ್ಟಿ ಬಿಚ್ಚಬೇಡಿ. 'ನೀವು ಯಾವಾಗಲೂ ಹಿಂಗೇ' ಅಂದರೆ ಜಗಳ ಗ್ಯಾರಂಟಿ. ಒಂದೇ ವಿಷಯ ತೆಗೆದುಕೊಂಡು, ನಿಮ್ಮ ಕಡೆಯ ಮಾತಲ್ಲೇ ಹೇಳಿ: 'ಅತ್ತೀ, ಅಡಗಿ ಚಲೋ ಆಗಿಲ್ಲಂದ್ರ ನನಗ ಹೇಳ್ರಿ, ತಿದ್ದಿಕೋತೀನಿ. ಮಂದಿ ಮುಂದ ಅನ್ನಬ್ಯಾಡ್ರಿ, ಮನಸ್ಸಿಗೆ ನೋವಾಗತೈತಿ.' ಅಷ್ಟು ಹೇಳಿ ಎದ್ದುಹೋಗಿ. ಅವರ ಉತ್ತರಕ್ಕೆ ಉತ್ತರ ಕೊಡುವ ಅಗತ್ಯ ಇಲ್ಲ.

ಇದಕ್ಕಿಂತ ಮೊದಲು ಗಂಡನ ಹತ್ತಿರ ಮಾತಾಡಿ. 'ನಿಮ್ಮವ್ವ ಹೀಗೆ' ಅಂತ ದೂರು ಬೇಡ, ಅವರಿಂದ ಏನು ಬೇಕು ಅಂತ ಹೇಳಿ. ಪಂಕ್ತಿಯಲ್ಲಿ ಕೂತಾಗ 'ಅವ್ವಾ, ಪಲ್ಯ ಚಲೋ ಆಗೇತಿ' ಎಂಬ ಒಂದು ಮಾತು ಅವರ ಬಾಯಿಂದ ಬಂದರೆ ಅರ್ಧ ಕೆಲಸ ಮುಗಿಯಿತು. ಅತ್ತೆ ಬದಲಾಗುತ್ತಾರೆ ಅಂತ ನಾನು ಭರವಸೆ ಕೊಡಲಾರೆ. ಮಕ್ಕಳ ಮೇಲಿನ ಏಟು ಮಾತ್ರ ಇವತ್ತೇ ನಿಲ್ಲಬೇಕು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ನಿಮ್ಮ ಮನೆಯಲ್ಲಿ ಆ ಕೊತ್ತಿ ನಿಮ್ಮ ಮಕ್ಕಳು. ಹೊಡೆದಿದ್ದರೆ 'ಅದು ನಿನ್ನ ತಪ್ಪಲ್ಲ, ನಾನು ಬೇರೆ ಸಿಟ್ಟಿನಲ್ಲಿದ್ದೆ' ಅಂತ ಹೇಳಿಬಿಡಿ. ಚಿಕ್ಕವರ ಮುಂದೆ ಹಾಗೆ ಹೇಳಿದರೆ ದೊಡ್ಡವರ ಮಾನ ಹೋಗುವುದಿಲ್ಲ.

ಪ್ರಶ್ನೆ: ಸಿಟ್ಟಿನಲ್ಲಿ ಹೆಂಡತಿಗೆ ಎರಡು ಮೂರು ಸಲ ಹೊಡೆದಿದ್ದೇನೆ. ಆಮೇಲೆ ಬೇಜಾರಾಗುತ್ತದೆ. ಸಿಟ್ಟು ಬಂದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಇದಕ್ಕೆ ಮಾತ್ರೆ ಇದೆಯಾ? – ಊರು ಬೇಡ

ಉತ್ತರ: ಆಫೀಸಿನಲ್ಲಿ ಮೇಲಿನವರು ಬೈದಾಗಲೂ ಸಿಟ್ಟು ಬಂದಿರುತ್ತದೆ. ಅವರಿಗೆ ಹೊಡೆದಿದ್ದೀರಾ? ಟ್ರಾಫಿಕ್ ಪೊಲೀಸರಿಗೆ? ಇಲ್ಲ ಅಲ್ವಾ? ಅಲ್ಲೆಲ್ಲ ನಿಮ್ಮ ಮಾತು ಕೇಳುವ ಕೈ ಮನೆಯಲ್ಲಿ ಮಾತ್ರ ಯಾಕೆ ಕೇಳುವುದಿಲ್ಲ? ಮನೆಯಲ್ಲಿ ಹೊಡೆದರೆ ಏನೂ ಆಗುವುದಿಲ್ಲ ಎಂಬ ಧೈರ್ಯ. ಆ ಧೈರ್ಯ ತಪ್ಪು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, ನಿಮ್ಮ ಹೆಂಡತಿ ಮಹಿಳಾ ಸಹಾಯವಾಣಿ 181 ಅಥವಾ ಪೊಲೀಸರ 112ಕ್ಕೆ ಫೋನ್ ಮಾಡಿದರೆ ಅದು ಅವರ ಹಕ್ಕು.

ಮಾತ್ರೆ ಕೇಳಿದ್ದೀರಿ. ಕುಡಿತ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಗಂಡಸರಲ್ಲಿ ಖಿನ್ನತೆ ಅಳುವಿನ ಬದಲು ಸಿಡುಕಾಗಿ ಕಾಣುವುದುಂಟು, ಅದಕ್ಕೆ ಔಷಧಿ ಇದೆ. ಏನಿದೆ ಅಂತ ಮನೋವೈದ್ಯರು ನೋಡಿ ಹೇಳಬೇಕು. 2022ರ ಅಕ್ಟೋಬರಿನಿಂದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಮಾತು ಏರುತ್ತಿದೆ ಅನಿಸಿದ ಕೂಡಲೇ 'ಅರ್ಧ ಗಂಟೆ ಬಿಟ್ಟು ಬರುತ್ತೇನೆ' ಅಂತ ಹೇಳಿ ಮನೆಯಿಂದ ಹೊರಗೆ ನಡೆಯಿರಿ. ಬಾರ್ ಕಡೆಗಲ್ಲ. ಹೇಳಿದ ಹೊತ್ತಿಗೆ ವಾಪಸ್ ಬನ್ನಿ. ಇದು ನಿಮ್ಮ ಕೆಲಸ, ಅವರು ತಗ್ಗಿ ಬಗ್ಗಿ ನಡೆದು ನಿಮ್ಮ ಸಿಟ್ಟು ಕಾಯುವುದಲ್ಲ.

ಪ್ರಶ್ನೆ: ಉಪ್ಪು ಖಾರ ತಿಂದ ಮೈ, ಸಿಟ್ಟು ಬಂದೇ ಬರುತ್ತದೆ ಅಂತಾರೆ. ಖಾರ ಬಿಟ್ಟರೆ ಸಿಟ್ಟು ಕಡಿಮೆ ಆಗುತ್ತದಾ? – ಬ್ಯಾಡಗಿ

ಉತ್ತರ: ಬ್ಯಾಡಗಿಯವರೇ ಹೀಗೆ ಕೇಳಿದರೆ ಹೇಗೆ! ನಿಮ್ಮೂರ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಮೆಣಸಿನಕಾಯಿ ಬಾಯಿ ಉರಿಸುತ್ತದೆ, ಬೆವರಿಳಿಸುತ್ತದೆ, ಸಿಟ್ಟು ತರಿಸುವುದಿಲ್ಲ. ಸಿಟ್ಟು ಬೇಗ ಬರುವುದು ಹಸಿದಾಗ, ನಿದ್ದೆ ಕೆಟ್ಟಾಗ, ಕುಡಿದಾಗ. ರಾತ್ರಿ ತಡವಾಗಿ ಖಾರದ ಊಟ ಮಾಡಿ ಎದೆ ಉರಿದು ನಿದ್ದೆ ಬರದಿದ್ದರೆ ಬೆಳಗ್ಗೆ ಸಿಡುಕಬಹುದು. ಮಲಗುವುದಕ್ಕೆ ಎರಡು ಮೂರು ತಾಸು ಮೊದಲೇ ಊಟ ಮುಗಿಸಿ, ಖಾರ ಎಷ್ಟು ಬೇಕೋ ಅಷ್ಟು ತಿನ್ನಿ.