ಹಲ್ಲಣಬೆ ಲೇಖನ ಕಳಿಸಿದವರಿಗೆ

ನಮಸ್ಕಾರ. ಹಲ್ಲಿನಂಥ ಎಳೆಗಳಿರುವ ಎರಡು ಅಣಬೆಗಳ ಬಗ್ಗೆ ನೀವು ಬರೆದ ‘ಅಳಿವಿನಂಚಿನ ಅವಳಿಗಳು’ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಬಿಸಾಡುವಂಥದ್ದೂ ಅಲ್ಲ.

ಮೊದಲ ಎರಡು ಪುಟ ತೆಗೆದುಬಿಡಿ. ಮಡಿಕೇರಿಯ ಮಂಜು, ಕಕ್ಕಡದ ಮಳೆ, ಅಜ್ಜಿಯ ಕುಮ್ಮು ಕರಿ (ಅಣಬೆ ಸಾರು), ಇದೆಲ್ಲ ನಮ್ಮ ಓದುಗರಿಗೆ ಹೊಸದಲ್ಲ. ನಿಮ್ಮ ಅಣಬೆ ತಲೆ ಎತ್ತುವುದು ಮೂರನೇ ಪುಟದಲ್ಲಿ!

ದೊಡ್ಡ ತೊಂದರೆ ಹೋಲಿಕೆಯಲ್ಲಿದೆ. ಹೆರಿಷಿಯಂ ಎರಿನೇಸಿಯಸ್, ಹೆರಿಷಿಯಂ ಕೊರಲಾಯ್ಡಿಸ್ ಎರಡೂ ‘ಬೆಳ್ಳಗೆ, ಮನಮೋಹಕವಾಗಿ, ಹಲ್ಲುಗಳಿಂದ ಕೂಡಿವೆ’ ಅಂದಿದ್ದೀರಿ. ಹಾಗಾದರೆ ವ್ಯತ್ಯಾಸ ಏನು? ಮೊದಲನೆಯದು ಕವಲಿಲ್ಲದ ಒಂದೇ ಗಡ್ಡೆ. ಅದರ ಹಲ್ಲು ಹಲವು ಸೆಂಟಿಮೀಟರ್ ಉದ್ದ, ಗಡ್ಡದ ಹಾಗೆ ಇಳಿಬೀಳುತ್ತವೆ. ಎರಡನೆಯದು ಕವಲೊಡೆಯುತ್ತದೆ. ಕವಲಿನುದ್ದಕ್ಕೂ ಗಿಡ್ಡ ಹಲ್ಲುಗಳ ಸಾಲು. ತೀರಾ ಎಳೆಯದರಲ್ಲಿ ಗೊಂದಲ ಆಗುತ್ತದೆ. ಆಗ ಸೂಕ್ಷ್ಮದರ್ಶಕವೇ ಬೇಕು: ಎರಿನೇಸಿಯಸ್‌ನ ಬೀಜಕ (ಅಣಬೆಯ ಬೀಜದಂಥ ಕಣ) ಸುಮಾರು 5–6 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್), ಇನ್ನೊಂದರದು 4ರ ಆಸುಪಾಸು. ಈ ಅಳತೆಯನ್ನು ಅಡಿಟಿಪ್ಪಣಿಯಲ್ಲಿ ಬಚ್ಚಿಟ್ಟಿದ್ದೀರಲ್ಲ, ಯಾಕೆ?

‘ಕೊಡಗಿನಲ್ಲಿ ಅಳಿಯುತ್ತಿವೆ’ ಎನ್ನಲು ಆಧಾರ ಕೊಟ್ಟಿಲ್ಲ. ವಿವರವೆಲ್ಲ ಯುರೋಪಿನ ಬೀಚ್, ಓಕ್ ಮರಗಳದ್ದು. ಬೀಚ್ ನಮ್ಮ ಕಾಡಿನ ಮರವಲ್ಲ. ತೋಟದ ಸಿಲ್ವರ್ ಓಕ್ ಹೆಸರಿಗಷ್ಟೇ ಓಕ್, ಅದು ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಕುಟುಂಬದ ಮರ. ಅಲ್ಲಿಯ ಕಥೆಯನ್ನು ಅಲ್ಲಿಯದೆಂದೇ ಹೇಳಿ. ಅದೇನು ಸಪ್ಪೆ ಕಥೆಯಲ್ಲ. ಬ್ರಿಟನ್ನಿನಲ್ಲಿ ಎರಿನೇಸಿಯಸ್‌ಗೆ 1981ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಕಾಡಿನಲ್ಲಿ ಬೇಕೆಂದು ಕಿತ್ತರೆ ಅಪರಾಧ. ಅದನ್ನೇ ಚೀನಾದಲ್ಲಿ ಮರದ ಹೊಟ್ಟು ತುಂಬಿದ ಚೀಲದಲ್ಲಿ ಬೆಳೆದು ಮಾರುತ್ತಾರೆ. ಇದೇ ಅಣಬೆಯ ಪುಡಿ ‘ಲಯನ್ಸ್ ಮೇನ್’ ಹೆಸರಿನಲ್ಲಿ ನಮ್ಮಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಚೀಲದಲ್ಲಿ ಬರುವುದು ಕಾಡಿನಲ್ಲಿ ಯಾಕೆ ಅಪರೂಪ? ಅಲ್ಲಿ ಅದಕ್ಕೆ ವಯಸ್ಸಾದ, ತಿರುಳು ಕೊಳೆಯುತ್ತಿರುವ ಮರ ಬೇಕು. ಅಂಥ ಮರವನ್ನೇ ಅಪಾಯ ಅಂತ ಮೊದಲು ಕಡಿಯುತ್ತಾರೆ. ಕೊರಲಾಯ್ಡಿಸ್ ಜಾಸ್ತಿ ಕಾಣುವುದು ಬಿದ್ದ ದಿಮ್ಮಿಗಳ ಮೇಲೆ. ದಿಮ್ಮಿ ಸಾಗಿಸಿದರೆ ಅದಕ್ಕೆ ಜಾಗವೇ ಇಲ್ಲ. ಲೇಖನದ ಜೀವ ಇರುವುದೇ ಇಲ್ಲಿ. ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ.

ಕೊಡಗನ್ನು ತರುವುದಾದರೆ ಇಲ್ಲಿಗೆ ತನ್ನಿ. ತೋಟದಲ್ಲಿ ಬಿದ್ದ ಮರ ಬೇಗ ಸೌದೆಯಾಗುತ್ತದೆ, ಅಲ್ವಾ? ನಿಮ್ಮೂರಿನ ದೇವರಕಾಡಿನಲ್ಲಿ ಏನಾಗುತ್ತದೆ? ಹೋಗಿ ನೋಡಿ. ಕಂಡ ಅಣಬೆಗೆಲ್ಲ ಸುಮ್ನೆ ಹೆಸರು ಕಟ್ಟಬೇಡಿ.

‘ಮರೆವಿನ ರೋಗಕ್ಕೆ ರಾಮಬಾಣ’ ಎಂಬ ಪ್ಯಾರಾ ಬೇಡವೇ ಬೇಡ. ಓದಿ ಯಾರಾದರೂ ಮಾತ್ರೆ ಬಿಟ್ಟರೆ ಯಾರು ಹೊಣೆ?

ತಿದ್ದಿ ಕಳಿಸಿ, 900 ಪದ ಸಾಕು. ಫೋಟೋ ಯಾರು ತೆಗೆದದ್ದು ಅಂತಲೂ ತಿಳಿಸಿ. ಅಡಿಬರಹ ಅದಲುಬದಲಾಗಿದೆ: ಎರಿನೇಸಿಯಸ್ ಅಂತ ಬರೆದಿರುವ ಚಿತ್ರದಲ್ಲಿ ಕವಲುಗಳು ಎದ್ದು ಕಾಣುತ್ತಿವೆ.