ಮಡಿಲಲ್ಲೊಂದು, ಪಕ್ಕದಲ್ಲೊಂದು: ಹತ್ತು ಗಂಟೆಯ ವಿಮಾನಕ್ಕೆ ತಯಾರಿ

ಪತ್ರ: ಮುಂದಿನ ತಿಂಗಳು 14 ತಿಂಗಳ ಮಗಳು, 4 ವರ್ಷದ ಮಗನನ್ನು ಕರೆದುಕೊಂಡು ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಒಬ್ಬಳೇ ಹೊರಟಿದ್ದೇನೆ. ಯಜಮಾನರು ಅಲ್ಲೇ ಇದ್ದಾರೆ. ಮಗಳಿಗೆ ಬೇರೆ ಸೀಟು ತೆಗೆದುಕೊಂಡಿಲ್ಲ. ವಿಮಾನ ಮೇಲೇರುವಾಗ ಕಿವಿ ನೋವು ಬರುತ್ತದಂತೆ, ಶೀತದ ಸಿರಪ್ ಕುಡಿಸಿ ಮಲಗಿಸಿಬಿಡು ಅನ್ನುತ್ತಾರೆ ನಮ್ಮ ನಾದಿನಿ. ಕೊಡಬಹುದೇ? ಏನೇನು ಒಯ್ಯಲಿ? – ಓದುಗರು, ಶಿವಮೊಗ್ಗ

ಉತ್ತರ: ಮೊದಲು ಸಿರಪ್ಪಿನ ಮಾತು. ಕೊಡಬೇಡಿ. ನಿದ್ದೆ ಬರಿಸುವ ಸಿರಪ್‌ಗಳಲ್ಲಿ ಪ್ರೊಮೆಥಜೀನ್ ಇರುವುದುಂಟು. ಎರಡು ವರ್ಷದೊಳಗಿನ ಮಕ್ಕಳಲ್ಲಿ ಅದು ಉಸಿರಾಟವನ್ನೇ ಕುಗ್ಗಿಸಬಲ್ಲದು. ಇನ್ನು ಕೆಲವು ಮಕ್ಕಳಿಗೆ ಈ ಬಗೆಯ ಔಷಧಿ ತಿರುಗುಮುರುಗಾಗಿ, ನಿದ್ದೆಯ ಬದಲು ರಚ್ಚೆ ಹಿಡಿಯುತ್ತವೆ.

ಕಿವಿಯ ವಿಷಯದಲ್ಲಿ ನಾದಿನಿಯವರು ಹೇಳಿದ್ದು ಅರ್ಧ ಸರಿ. ನೋವು ಹೆಚ್ಚಾಗಿ ಬರುವುದು ಏರುವಾಗಲ್ಲ, ಇಳಿಯುವಾಗ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟೇ. ಮುಳ್ಳಯ್ಯನಗಿರಿಯ ತುದಿಯಲ್ಲೋ ಅದಕ್ಕಿಂತ ತುಸು ಮೇಲೋ ಕೂತ ಹಾಗೆ. ಏರುವಾಗ ಕಿವಿಯೊಳಗಿನ ಗಾಳಿ ಸಲೀಸಾಗಿ ಹೊರಬರುತ್ತದೆ. ಇಳಿಯುವಾಗ ಅದು ಮತ್ತೆ ಒಳಹೋಗಬೇಕು, ಆದರೆ ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಕೊಳವೆ ಮಕ್ಕಳಲ್ಲಿ ಬಹಳ ಕಿರಿದು. ಅದು ತೆರೆಯುವುದು ನುಂಗಿದಾಗ, ಆಕಳಿಸಿದಾಗ.

ಎಲ್ಲರೂ ಎಡವುವುದು ಇಲ್ಲೇ. ಹೊರಡುವಾಗಲೇ ಹೊಟ್ಟೆ ತುಂಬ ಹಾಲು ಕುಡಿಸಿಬಿಡುತ್ತಾರೆ, ಇಳಿಯುವ ಹೊತ್ತಿಗೆ ಮಗು ಬಾಯಿ ತೆರೆಯುವುದಿಲ್ಲ. ಕೊನೆಯ ಒಂದು ಬಾಟಲಿ ಹಾಲನ್ನು ಕಾದಿರಿಸಿ. ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮೊದಲೇ ವಿಮಾನ ಇಳಿಯತೊಡಗಿರುತ್ತದೆ. ಬೆಲ್ಟ್ ದೀಪ ಹತ್ತುವವರೆಗೆ ಕಾದರೆ ತಡವಾದೀತು. ‘ಇಳಿಯೋಕೆ ಶುರುವಾದಾಗ ಹೇಳಿ’ ಎಂದು ಗಗನಸಖಿಗೆ ಮೊದಲೇ ತಿಳಿಸಿಡಿ. ಮಗು ಮಲಗಿದ್ದರೆ ಎಬ್ಬಿಸಿ, ನಿದ್ದೆಯಲ್ಲಿ ನುಂಗುವುದು ಕಡಿಮೆ. ಎದೆಹಾಲು ಕುಡಿಯುವ ಮಗುವಾದರೆ ಇನ್ನೂ ಸುಲಭ. ಮಗನಿಗೆ ಸ್ಟ್ರಾ ಹಾಕಿ ನೀರನ್ನು ಗುಟುಕು ಗುಟುಕಾಗಿ ಕೊಡಿ. ಇಬ್ಬರಲ್ಲಿ ಯಾರಿಗಾದರೂ ನೆಗಡಿಯೋ ಕಿವಿ ಸೋರುವುದೋ ಇದ್ದರೆ ಹೊರಡುವ ಮುನ್ನ ಡಾಕ್ಟರಿಗೆ ತೋರಿಸಿ.

ಸ್ಟ್ರಾ ಇರುವ ಸಿಪ್ಪರ್ ಬಗ್ಗೆ ಎಚ್ಚರ. ನೆಲದ ಮೇಲೆ ಬಿಗಿಯಾಗಿ ಮುಚ್ಚಿದ ಸಿಪ್ಪರಿನಲ್ಲಿ ನೆಲದ ಒತ್ತಡದ ಗಾಳಿಯೇ ಉಳಿದಿರುತ್ತದೆ. ಮೇಲೆ ಹೋದ ಮೇಲೆ ಸ್ಟ್ರಾ ಎತ್ತಿದರೆ ನೀರು ಕಾರಂಜಿಯಂತೆ ಚಿಮ್ಮಿ ಪಕ್ಕದವರ ಅಂಗಿ ತೋಯುತ್ತದೆ. ಮೊದಲು ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿ, ಗಾಳಿ ಬಿಟ್ಟು, ಮತ್ತೆ ಬಿಗಿಮಾಡಿ.

ಮುಂದಿನ ಗೋಡೆಗೆ ಸಿಕ್ಕಿಸುವ ತೊಟ್ಟಿಲು, ಅಂದರೆ ಬ್ಯಾಸಿನೆಟ್, ಬೇಕೆಂದರೆ ಏರ್‌ಲೈನ್‌ಗೆ ಈಗಲೇ ಫೋನ್ ಮಾಡಿ. ತೂಕದ ಮಿತಿಯ ಜೊತೆ ಉದ್ದವನ್ನೂ ಕೇಳಿ. 14 ತಿಂಗಳ ಮಗು ತೂಕದಲ್ಲಿ ಪಾಸಾದರೂ ಕಾಲು ಹೊರಗೆ ಬರುವುದೇ ಹೆಚ್ಚು. ವಿಮಾನ ಕುಲುಕಿ ಬೆಲ್ಟ್ ದೀಪ ಹತ್ತಿದಾಗಲೆಲ್ಲ ಮಲಗಿದ್ದವಳನ್ನು ಎತ್ತಿಕೊಳ್ಳಬೇಕು. ಆ ಸಾಲಿನಲ್ಲಿ ಸೀಟಿನ ನಡುವಿನ ಕೈಪಟ್ಟಿ ಸಾಮಾನ್ಯವಾಗಿ ಮೇಲೇಳುವುದಿಲ್ಲ. ಹೊರಡುವಾಗ, ಇಳಿಯುವಾಗ ಕೈಚೀಲ ಕಾಲಬಳಿ ಇಡುವಂತಿಲ್ಲ, ಮೇಲಿನ ಗೂಡಿಗೆ ಹೋಗುತ್ತದೆ. ತೊಟ್ಟಿಲಲ್ಲಿ ಮಗಳು ಹಿಡಿಸುವುದಿಲ್ಲ ಎಂದಾದರೆ ಮಾಮೂಲಿ ಸಾಲೇ ವಾಸಿ: ಮಗ ಕಿಟಕಿಗೆ, ನೀವು ಪಕ್ಕಕ್ಕೆ. ಕೈಪಟ್ಟಿ ಎತ್ತಿದರೆ ಅವನು ನಿಮ್ಮ ತೊಡೆಗೆ ತಲೆಯಿಟ್ಟು ಮಲಗಬಹುದು.

ಮಡಿಲ ಮಗುವಿಗೆ ನಿಮ್ಮ ಬೆಲ್ಟಿಗೆ ಪೋಣಿಸುವ ಪುಟ್ಟ ಬೆಲ್ಟ್ ಕೊಡುತ್ತಾರೆ. ಒಂದೇ ಬೆಲ್ಟನ್ನು ಇಬ್ಬರಿಗೂ ಸೇರಿಸಿ ಬಿಗಿಯಬೇಡಿ, ವಿಮಾನ ಜಗ್ಗಿದರೆ ನಿಮ್ಮ ಭಾರವೆಲ್ಲ ಅವಳ ಹೊಟ್ಟೆಯ ಮೇಲೆ ಬೀಳುತ್ತದೆ. ಯಾರಾದರೂ ಸೀಟು ಬದಲಿಸಿಕೊಳ್ಳೋಣವೇ ಎಂದರೆ ಸಿಬ್ಬಂದಿಯನ್ನು ಕೇಳದೆ ಹೂಂ ಅನ್ನಬೇಡಿ. ಒತ್ತಾಗಿರುವ ಸೀಟುಗಳ ಗುಂಪಿಗೆ ಸಾಮಾನ್ಯವಾಗಿ ಒಂದೇ ಒಂದು ಆಮ್ಲಜನಕದ ಮಾಸ್ಕ್ ಹೆಚ್ಚಿಗೆ ಇರುತ್ತದೆ; ಅಲ್ಲಿ ಇನ್ನೊಂದು ಮಡಿಲ ಮಗು ಇದ್ದರೆ ನಿಮ್ಮ ಮಗಳಿಗೆ ಮಾಸ್ಕ್ ಸಿಗದು. ಮರಳುವ ಹೊತ್ತಿಗೆ ಅವಳಿಗೆ 2 ವರ್ಷ ತುಂಬಿದರೆ ಪ್ರತ್ಯೇಕ ಸೀಟು ಕೊಳ್ಳಲೇಬೇಕು.

ಸಾಮಾನು: ಎರಡು ಗಂಟೆಗೊಂದರಂತೆ ಡೈಪರ್, ಮೇಲೆ ನಾಲ್ಕು. ಮಕ್ಕಳಿಗೆ ಎರಡೆರಡು ಜೊತೆ ಬಟ್ಟೆ, ನಿಮಗೂ ಒಂದು ಕುರ್ತಾ. ವಾಂತಿ ಬೀಳುವುದು ಅಮ್ಮನ ಮೇಲೇ. ಹಾಲುಪುಡಿಯನ್ನು ಒಂದೊಂದು ಹೊತ್ತಿನ ಲೆಕ್ಕದಲ್ಲಿ ಒಣಗಿದ ಬಾಟಲಿಗಳಿಗೆ ಮೊದಲೇ ಹಾಕಿಡಿ, ಕತ್ತಲಲ್ಲಿ ಚಮಚ ಎಣಿಸುವ ಗೋಳಿಲ್ಲ. ದ್ರವಕ್ಕೆ 100 ಮಿ.ಲೀ. ಮಿತಿಯಿದ್ದರೂ ಪ್ರಯಾಣಕ್ಕೆ ಬೇಕಾದಷ್ಟು ಮಗುವಿನ ಹಾಲು, ಆಹಾರಕ್ಕೆ ವಿನಾಯಿತಿ ಉಂಟು. ತಪಾಸಣೆಯಲ್ಲಿ ನೀವೇ ತೆಗೆದು ತೋರಿಸಿ. ರಾಗಿ ಸರಿಯ ಪುಡಿ ಒಯ್ದರೆ ಬಿಸಿನೀರು ವಿಮಾನದಲ್ಲೇ ಕೇಳಬಹುದು. ಆದರೆ ಮನೆಯ ತುಪ್ಪದ ಡಬ್ಬಿ ಬೇಡ: ಹೊರದೇಶದಿಂದ ಬರುವವರು ಹಾಲಿನ ಪದಾರ್ಥ ತರುವುದಕ್ಕೆ ಐರೋಪ್ಯ ಒಕ್ಕೂಟದಲ್ಲಿ ನಿಷೇಧವಿದೆ. ಒಡೆಯದ ಪ್ಯಾಕೆಟ್ಟಿನ ಮಕ್ಕಳ ಹಾಲುಪುಡಿಗೆ ಮಾತ್ರ ತಲೆಗೆ 2 ಕೆ.ಜಿ.ವರೆಗೆ ಅವಕಾಶ.

ತಳ್ಳುಗಾಡಿಯನ್ನು ವಿಮಾನದ ಬಾಗಿಲವರೆಗೂ ಒಯ್ಯಬಹುದೇ, ಫ್ರಾಂಕ್‌ಫರ್ಟ್‌ನಲ್ಲಿ ಎಲ್ಲಿ ವಾಪಸು ಸಿಗುತ್ತದೆ ಎಂದು ಟ್ಯಾಗ್ ಹಾಕಿಸುವಾಗಲೇ ಕೇಳಿ. ಬಾಗಿಲಲ್ಲಿ ಸಿಗದಿದ್ದರೆ ಪಾಸ್‌ಪೋರ್ಟ್ ಸಾಲಿನಲ್ಲಿ ಮಗಳು ನಿಮ್ಮ ಸೊಂಟದ ಮೇಲೆ, ಹಾಗಾಗಿ ಎತ್ತಿಕೊಳ್ಳುವ ಜೋಳಿಗೆಯೊಂದು ಕೈಚೀಲದಲ್ಲಿರಲಿ. ಯಜಮಾನರಿಗೂ ಒಂದು ಕೆಲಸ ಹಚ್ಚಿ: ಜರ್ಮನಿಯಲ್ಲಿ 12 ವರ್ಷದೊಳಗಿನ, 150 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳು ಕಾರಿನಲ್ಲಿ ಮಕ್ಕಳ ಸೀಟಿನಲ್ಲೇ ಕೂರಬೇಕೆಂಬ ಕಾನೂನಿದೆ. ಅವರು ಕಾರು ತರುವುದಾದರೆ ಅಂಥ ಎರಡು ಸೀಟು ಹಿಂದಿನ ದಿನವೇ ಕಟ್ಟಿಟ್ಟಿರಲಿ.