ಹಾಸ್ಟೆಲ್ ಸಾಮಾನು ಇಲ್ಲಿಂದಲೇ ಹೊರಬೇಕಾ?

ಮಗಳನ್ನು ಸುರತ್ಕಲ್‌ನ ಹಾಸ್ಟೆಲ್‌ಗೆ ಬಿಡುವ ಮುಂಚೆ ಎಲ್ಲವನ್ನೂ ದಾವಣಗೆರೆಯಲ್ಲೇ ಕೊಳ್ಳಬೇಕಾ ಎಂದು ಕೇಳಿದ್ದೀರಿ. ಬೇಡ ಮೇಡಂ. ಬಕೆಟ್, ಮಗ್, ಹಾಸಿಗೆ ಎಲ್ಲ ಅಲ್ಲೇ ಸಿಗುತ್ತವೆ. ಹಾಸಿಗೆಯನ್ನಂತೂ ಮಂಚದ ಅಳತೆ ನೋಡಿದ ಮೇಲೇ ತೆಗೆದುಕೊಳ್ಳಿ.

ನೀವು ಯೋಚಿಸಬೇಕಾದ್ದು ಮಳೆಯ ಬಗ್ಗೆ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಕಷ್ಟ. ನನ್ನ ಮಗನಿಗೆ 3 ದಪ್ಪ ಟರ್ಕಿ ಟವೆಲ್ ಕೊಟ್ಟು ಕಳಿಸಿದ್ದೆ. 15 ದಿನಕ್ಕೇ ಮುಗ್ಗಲು ವಾಸನೆ, ಅಂಚಿನಲ್ಲೆಲ್ಲ ಕಪ್ಪು ಚುಕ್ಕೆ. ಆಮೇಲೆ ತೆಳ್ಳಗಿನ ಹತ್ತಿ ಟವೆಲ್ ಕಳಿಸಿದೆ. ರಾತ್ರಿ ಫ್ಯಾನ್ ಕೆಳಗೆ ಹರವಿದರೆ ಬೆಳಗ್ಗೆ ಒಣಗಿರುತ್ತಿತ್ತು. ಜೀನ್ಸ್ ಜಾಸ್ತಿ ಬೇಡ. ಒಳಉಡುಪು ಮಾತ್ರ 10 ಜೊತೆಯಾದರೂ ಇರಲಿ. ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ರಬ್ಬರಿನದು ಕೊಡಿಸಿ.

ಕೆಟಲ್, ಇಸ್ತ್ರಿ ಪೆಟ್ಟಿಗೆಗೆ ಸುಮ್ನೆ ದುಡ್ಡು ಹಾಕಬೇಡಿ. ಎಷ್ಟೋ ಹಾಸ್ಟೆಲ್‌ಗಳಲ್ಲಿ ಬಿಡುವುದಿಲ್ಲ, ವಾರ್ಡನ್ ಹತ್ತಿರ ಮೊದಲೇ ಕೇಳಿ. ಒಂದು ಗಟ್ಟಿ ಬೀಗ ಮಾತ್ರ ಮರೆಯಬೇಡಿ.

ಇಲ್ಲಿಂದ ಒಯ್ಯಲೇಬೇಕಾದ್ದು ಅಂದರೆ ಶೇಂಗಾ ಚಟ್ನಿಪುಡಿ. ದೊಡ್ಡ ಡಬ್ಬ ಒಂದರ ಬದಲು ಬಿಗಿ ಮುಚ್ಚಳದ ಸಣ್ಣ ಡಬ್ಬ ನಾಲ್ಕು ಮಾಡಿ. ಆ ತೇವದಲ್ಲಿ ಪದೇ ಪದೇ ತೆಗೆದರೆ ಪುಡಿ ಬೇಗ ಕೆಡುತ್ತದೆ.